ಪಾಪ, ಅವರಿಗೂ ಗಂಗೆ ಸಿಕ್ತಲ್ಲ

ಮೊನ್ನೆ ಸಾರನಾಥದಲ್ಲಿ ಅಮ್ಮ ಅಂದ ಒಂದು ಮಾತು ತಲೆಯಿಂದ ಹೋಗ್ತಾನೇ ಇಲ್ಲ. ಆಫೀಸ್ ಕಾಲ್‌ನಲ್ಲಿ ಕೂತಿದ್ರೂ ಅದೇ, ರಾತ್ರಿ ಲೈಟ್ ಆರಿಸಿದ್ರೂ ಅದೇ. ಬರೆದು ಹಾಕಿದ್ರೆ ಹೋಗುತ್ತೇನೋ ಅಂತ ಕೂತಿದೀನಿ.

ಅಪ್ಪನ ಅಸ್ಥಿ ಹೆಚ್ಚಿನದನ್ನ ಪಶ್ಚಿಮವಾಹಿನೀಲೇ ಬಿಟ್ಟಿದ್ವಿ. ಕಾಶಿಗೆ ಅಂತ ಒಂಚೂರು ಎತ್ತಿಟ್ಟಿದ್ದು ಪುಟ್ಟ ತಾಮ್ರದ ಚೊಂಬಲ್ಲಿ, ಬಾಯಿಗೆ ಬಟ್ಟೆ ಕಟ್ಟಿಸ್ಕೊಂಡು, ಹನ್ನೊಂದು ತಿಂಗಳು ಹಿತ್ತಲ ಸೀಬೆ ಮರದಲ್ಲಿ ನೇತಾಡ್ತಾ ಇತ್ತು. ಕೊನೆಗೂ ಈ ವಾರ ಅಮ್ಮ, ಚಿಕ್ಕಮ್ಮ, ನಾನು ಹೋಗಿ ಆ ಕೆಲಸ ಮುಗಿಸಿದ್ವಿ. ಮಾರನೇ ದಿನ ರೈಲು ಇದ್ದಿದ್ದು ರಾತ್ರಿಗೆ, ಹಗಲು ಪೂರ್ತಿ ಖಾಲಿ, ಸಾರನಾಥದ ಮ್ಯೂಸಿಯಂ ನೋಡಕ್ಕೆ ಹೊರಟ್ವಿ. ಚಿಕ್ಕಮ್ಮಂಗೆ ಸೀರೆ ಅಂಗಡಿಗೆ ಹೋಗ್ಬೇಕಿತ್ತು. "ಒಡೆದ ವಿಗ್ರಹ ನೋಡಕ್ಕೆ ಹತ್ತು ಕಿಲೋಮೀಟರ್ ಯಾಕೋ ಹೋಗ್ಬೇಕು, ನಮ್ಮ ಹಳೇಬೀಡಲ್ಲಿ ಕಮ್ಮಿ ಇದಾವಾ?" ಅಂತ ಆಟೋ ಉದ್ದಕ್ಕೂ ಗೊಣಗಿದ್ರು. ಒಳ್ಳೇ ಮನಸ್ಸಿನವರೇ, ಆದ್ರೆ ಅವರ ಜೊತೆ ಎಲ್ಲಿಗೆ ಹೋದ್ರೂ ನಾವು ಹೋಗಬೇಕಿದ್ದ ಜಾಗ ಬೇರೆ ಯಾವುದೋ ಆಗಿರುತ್ತೆ.

ಆ ಮ್ಯೂಸಿಯಂ 1910ರ ಕಟ್ಟಡ, ಹಳೇ ಬೌದ್ಧ ವಿಹಾರದ ಥರಾನೇ ಕಟ್ಟಿರೋದು. ಒಳಗೆ ಕಾಲಿಟ್ರೆ ಎದುರಿಗೇ ಸಿಂಹಗಳು. ಹುಟ್ಟಿದಾಗಿಂದ ನೋಟಲ್ಲಿ, ಪಾಸ್‌ಪೋರ್ಟಲ್ಲಿ ನೋಡಿದ್ದೇ, ಆದ್ರೆ ಏಳಡಿ ಎತ್ತರ ಎದುರಿಗೆ ನಿಂತಾಗ ಮಾತು ನಿಂತುಹೋಯ್ತು. ಎರಡು ಸಾವಿರದ ಇನ್ನೂರು ವರ್ಷಕ್ಕಿಂತ ಹಳೇದು, ಚುನಾರ್ ಕಲ್ಲು, ಆ ಪಾಲಿಶ್ ಈಗ್ಲೂ ಮಿರಮಿರ ಅಂತಿದೆ, ನಮ್ಮ ಕಿಚನ್ ಗ್ರಾನೈಟು ಎರಡೇ ವರ್ಷಕ್ಕೆ ಮಂಕಾಗಿದೆ. ಅಮ್ಮ ಸುತ್ತ ಹೋಗಿ ಹಿಂದೆ ನಿಂತು "ಬಾರೋ, ನಾಲ್ಕನೇದು ಇಲ್ಲಿದೆ" ಅಂತ ಕರೆದ್ರು, ಏನೋ ಕಳೆದುಹೋದವರು ಸಿಕ್ಕ ಹಾಗೆ. 1904-05ರಲ್ಲಿ ಇದನ್ನ ಅಗೆದು ತೆಗೆದವನು ಓರ್ಟೆಲ್ ಅಂತ, ಪಿಡಬ್ಲ್ಯುಡಿ ಇಂಜಿನಿಯರ್ ಅಂದೆ. ಅಪ್ಪನೂ ಪಿಡಬ್ಲ್ಯುಡಿ. ಅಮ್ಮನ ಮುಖ ಅರಳಿಬಿಡ್ತು, "ಡಿಪಾರ್ಟ್‌ಮೆಂಟ್‌ನೋರೇ ಅನ್ನು!"

ಕುಶಾನರ ರಾಜ ಕನಿಷ್ಕನ ಆಳ್ವಿಕೆಯ ಮೂರನೇ ವರ್ಷದಲ್ಲಿ ಭಿಕ್ಷು ಬಲ ಕೊಟ್ಟಿದ್ದು ಅನ್ನೋ ಕೆಂಪು ಕಲ್ಲಿನ ಬೋಧಿಸತ್ವನ್ನ ಚಿಕ್ಕಮ್ಮ ಕತ್ತೆತ್ತಿ ನೋಡಿ, ನೋಡಿದ್ದಾಯ್ತು ಅಂತ ಕೂರಕ್ಕೆ ಜಾಗ ಹುಡುಕ್ಕೊಂಡು ಹೋದ್ರು. ನಾವಿಬ್ರು ಧರ್ಮಚಕ್ರ ಪ್ರವರ್ತನ ಬುದ್ಧನ ಮುಂದೆ ನಿಂತ್ವಿ. ಐದನೇ ಶತಮಾನದ್ದು. ಕಣ್ಣು ಅರ್ಧ ಮುಚ್ಚಿದೆ, ಬೆರಳುಗಳು ಎದೆ ಹತ್ರ. ಅಮ್ಮ ನೋಡಿದ್ದು ಮಾತ್ರ ಕೆಳಗೆ ಪೀಠದಲ್ಲಿ. ಚಕ್ರ, ಎರಡು ಜಿಂಕೆ, ಐದು ಜನ ಶಿಷ್ಯರು, ಆಮೇಲೆ ಒಬ್ಬಳು ಹೆಂಗಸು, ಪಕ್ಕದಲ್ಲಿ ಮಗು. "ಇವಳ್ಯಾರು?" ಅಂದ್ರು. ಮೂರ್ತಿ ಮಾಡಿಸಿಕೊಟ್ಟವಳಿರಬೇಕು ಅಂತಾರೆ ಅಂದೆ. "ಮಗೂನೂ ಕೂರಿಸ್ಕೊಂಡಿದಾಳೆ ನೋಡು, ಜಾಣೆ."

ಅಲ್ಲೇ ನಾನು ಬಾಯಿ ಬಿಟ್ಟಿದ್ದು. ಹಿಂದಿನ ರಾತ್ರಿ ಲಾಡ್ಜಲ್ಲಿ ನಿದ್ದೆ ಬರದೆ ಓದಿಕೊಂಡಿದ್ದು ಹೊಟ್ಟೇಲಿ ಕುದೀತಾ ಇತ್ತು. ಹೊರಗೆ ಅಗೆದ ಜಾಗದಲ್ಲಿ ಧರ್ಮರಾಜಿಕ ಸ್ತೂಪ ಅಂತ ಬರೀ ಗುಂಡಗಿನ ತಳ ಉಳಿದಿದೆಯಲ್ಲ, ಅದು ಅಶೋಕನ ಕಾಲದ್ದು ಅಂತಾರೆ, 1794ರಲ್ಲಿ ಕಾಶಿ ದಿವಾನ ಜಗತ್ ಸಿಂಗ್ ಕಡೆಯವರು ಪೇಟೆ ಕಟ್ಟಕ್ಕೆ ಇಟ್ಟಿಗೆ ಬೇಕು ಅಂತ ಅದನ್ನ ಅಗೆದ್ರು, ಅಗೀತಾ ಅಗೀತಾ ಒಳಗೊಂದು ಕಲ್ಲಿನ ಪೆಟ್ಟಿಗೆ ಸಿಕ್ತು, ಅದರೊಳಗೆ ಹಸಿರು ಅಮೃತಶಿಲೆ ಡಬ್ಬಿ, ಅದರೊಳಗೆ ಮೂಳೆ ಚೂರು, ಒಂದಿಷ್ಟು ಮುತ್ತು. ಯಾರ ಮೂಳೆ, ಬುದ್ಧನದ್ದೇ ಇದ್ರೂ ಇರಬಹುದು! ಅದನ್ನ ತಗೊಂಡು ಏನ್ ಮಾಡಿದ್ರು ಗೊತ್ತಾ ಅಮ್ಮ, ಗಂಗೆಗೆ ಹಾಕಿಬಿಟ್ರು! ಧ್ವನಿ ಸ್ವಲ್ಪ ಜೋರಾಗೇ ಬಂತು ಅನ್ಸುತ್ತೆ, ಪಕ್ಕದವರು ತಿರುಗಿ ನೋಡಿದ್ರು.

ಅಮ್ಮ ಒಂದು ಕ್ಷಣ ಸುಮ್ನಿದ್ದು, ತುಂಬಾ ಸಮಾಧಾನದಲ್ಲಿ, "ಪಾಪ, ಅವರಿಗೂ ಗಂಗೆ ಸಿಕ್ತಲ್ಲ" ಅಂದ್ರು.

ನಂಗೆ ಏನು ಹೇಳಬೇಕೋ ತೋಚಲಿಲ್ಲ. ಬಿಳಿ ಬಟ್ಟೆ ಉಟ್ಕೊಂಡ ಒಂದು ಗುಂಪು ಅದೇ ಮೂರ್ತಿಗೆ ಕೈ ಮುಗಿದು ನಿಂತಿತ್ತು, ಎಷ್ಟು ದೂರದಿಂದ ಬಂದಿದ್ರೋ. ಅವರಿಗೆ ಕನ್ನಡ ಬರಲ್ಲ ಅಂತ ಗೊತ್ತಿದ್ರೂ ಮುಜುಗರ ಆಯ್ತು. ಅವರಿಗೆ ಅದು ಬಿಡೋ ವಸ್ತು ಅಲ್ಲ, ಜೋಪಾನವಾಗಿ ಇಟ್ಟು ಮೇಲೆ ಗುಡ್ಡದಷ್ಟು ಇಟ್ಟಿಗೆ ಪೇರಿಸಿ ಸುತ್ತ ಪ್ರದಕ್ಷಿಣೆ ಹಾಕೋದು. ಅಲ್ಲೇ ಪಕ್ಕದಲ್ಲಿ 1931ರಲ್ಲಿ ತೆರೆದ ವಿಹಾರದಲ್ಲಿ ಬೇರೆ ಕಡೆ ಸಿಕ್ಕ ಅಸ್ಥಿ ತಂದು ಇಟ್ಟಿದಾರೆ. ಅಂಥವರ ಮುಂದೆ ಇದೆಂಥ ಮಾತು ಅಂತ ಆ ಹೊತ್ತಿಗೆ ಅಮ್ಮನ ಮೇಲೆ ಸಣ್ಣ ಸಿಟ್ಟೂ ಬಂತು.

ಆದ್ರೆ ಆ "ಪಾಪ" ಇದೆಯಲ್ಲ, ಅದೇ ನನ್ನ ಬಿಡ್ತಿಲ್ಲ. ಹಿಂದಿನ ದಿನ ದೋಣೀಲಿ ಚೊಂಬು ಬಗ್ಗಿಸಿದಾಗ ಅಮ್ಮ ಅತ್ತಿರಲಿಲ್ಲ, ನೀರನ್ನೇ ನೋಡ್ತಾ "ಹೋಗ್ಬನ್ನಿ" ಅಂದಿದ್ರು ಅಷ್ಟೇ. ಅದೇ ಧ್ವನಿ ಇದು. ನಾನು ಇತಿಹಾಸ ಹಾಳಾಯ್ತು ಅಂತ ಕುದೀತಿದ್ದೆ, ಅಮ್ಮಂಗೆ ಅದು ಯಾರದೋ ಮನೆಯವರ ಮೂಳೆ, ಪಾಪ ಅಷ್ಟು ವರ್ಷ ಕತ್ತಲಲ್ಲಿ ಇಟ್ಟಿಗೆ ಕೆಳಗೆ ಇತ್ತು, ಯಾರೋ ಕೊನೆಗೆ ನೀರಿಗೆ ಬಿಟ್ರು. ಇಟ್ಟಿಗೆ ಕಳ್ಳರ ಮೇಲೆ ಈಗ್ಲೂ ನಂಗೆ ಸಿಟ್ಟಿದೆ, ಅದು ಬೇರೆ. ಆದ್ರೆ ಆ ಮೂಳೆ ಕೈಗೆ ಬಂದಾಗ ಕಸದ ಜೊತೆ ಎಸೀದೆ ನದಿವರೆಗೂ ತಗೊಂಡು ಹೋದನಲ್ಲ ಒಬ್ಬ, ಅವನಿಗೂ ಅಮ್ಮನ ಹಾಗೇ ಅನ್ನಿಸಿತ್ತೋ ಏನೋ. ನಾನೇ ಹನ್ನೊಂದು ತಿಂಗಳು ಚೊಂಬು ಕಾದವನು, ನಾನೂ ಬಿಟ್ಟೇ ಬಂದೆ. ಇದನ್ನೆಲ್ಲ ಯೋಚಿಸ್ತಾ ಹೋದ್ರೆ ಯಾರ ಕಡೆ ಮಾತಾಡ್ತಿದೀನಿ ಅಂತ ನಂಗೇ ಗೊತ್ತಾಗಲ್ಲ.

ಚಿಕ್ಕಮ್ಮ ಸೀರೆ ತಗೊಂಡ್ರು ಬಿಡಿ, ಎರಡು.

ಚೊಂಬನ್ನೂ ನೀರಿಗೆ ಬಿಡಬೇಕಿತ್ತು ಅಂತ ರೈಲಲ್ಲಿ ಅವರದ್ದೇ ಜಗಳ. ಅಮ್ಮ ಅದನ್ನ ತೊಳೆದು ಬ್ಯಾಗಲ್ಲಿ ಇಟ್ಕೊಂಡಿದ್ರು, ಕೊಡಲಿಲ್ಲ. ನಿನ್ನೆ ಫೋನ್ ಮಾಡಿದಾಗ, ಅನ್ನ ಆಯ್ತಾ ಅಂತ ಕೇಳಿದ ಮೇಲೆ, "ಆ ಕಲ್ಲಿನ ಪೆಟ್ಟಿಗೆ ಏನಾಯ್ತೋ?" ಅಂದ್ರು. 1835ರಲ್ಲಿ ಕನ್ನಿಂಗ್‌ಹ್ಯಾಮ್ ಅನ್ನೋನು ಅದನ್ನ ಹುಡುಕಿ ತೆಗೆದ, ಕಲ್ಕತ್ತಾಗೆ ಹೋಯ್ತು ಅಂದೆ.

"ಒಳಗೇನಿದೆ ಈಗ?"

"ಏನಿಲ್ಲಮ್ಮ, ಖಾಲೀನೇ ಇರ್ಬೇಕು."

"ಹೂಂ. ಖಾಲಿ ಆದ್ರೂ ಇಟ್ಕೊಂಡಿದಾರಲ್ಲ" ಅಂದ್ರು. ಅಡುಗೆಮನೆ ಕಡೆಯಿಂದ ಕುಕ್ಕರ್ ಕೂಗಿತು, ಫೋನ್ ಇಟ್ರು.