ಪೈಥಾನಿಗೆ ಹೊಸದೇನಾದರೂ ಸೇರಿಸಬೇಕಾ? ಮೊದಲು ಪೆಪ್ 616 ಓದಿ

ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗೆ ಬದಲಾವಣೆ ಬೇಕು ಎಂದು ಬರೆದು ಕೊಡುವ ಪ್ರಸ್ತಾವಕ್ಕೆ ಪೆಪ್ ಅನ್ನುತ್ತಾರೆ. 616ನೆಯದು ಯಾಕೆ ಬಂತು ಎಂದು ತಿಳಿಯಲಿ ಅಂತ, ಉಡುಪಿಯಲ್ಲಿ ನನ್ನ ಹತ್ತಿರ ಪೈಥಾನ್ ಕಲಿಯಲು ಬರುವವರಿಗೆಲ್ಲ ಈ ಲೆಕ್ಕ ಕೊಡುತ್ತೇನೆ. ‘ಉಡುಪಿ-ಕಾರ್ಕಳ’, ‘ಉಡುಪಿ-ಕುಂದಾಪುರ’, ‘ಉಡುಪಿ-ಪಡುಬಿದ್ರಿ’ ಅಂತ ಒಂದು ಪಟ್ಟಿ ಇದೆ. ಮುಂದಿರುವ ‘ಉಡುಪಿ-’ ತೆಗೆದು ಊರಿನ ಹೆಸರು ಮಾತ್ರ ಉಳಿಸಬೇಕು. ಜಾಸ್ತಿ ಜನ, ಎಡಗಡೆಯ ಅಕ್ಷರಗಳನ್ನು ತೆಗೆಯುವ ಎಲ್‌ಸ್ಟ್ರಿಪ್ ಹಾಕುತ್ತಾರೆ. ಕಾರ್ಕಳ ಸರಿ ಬರುತ್ತದೆ, ಕುಂದಾಪುರವೂ ಸರಿ. ಪಡುಬಿದ್ರಿ ಮಾತ್ರ ‘ಬಿದ್ರಿ’ ಆಗಿಬಿಡುತ್ತದೆ!

ಎಲ್‌ಸ್ಟ್ರಿಪ್‌ಗೆ ‘ಉಡುಪಿ-’ ಒಂದು ಪದವಲ್ಲ. ಉ, ಡ, ಪ, ಕೊಂಬು, ಗುಡಿಸು, ಅಡ್ಡಗೆರೆ, ಇವುಗಳಲ್ಲಿ ಯಾವುದು ಎಡಗಡೆ ಸಿಕ್ಕಿದರೂ ತೆಗೆಯುತ್ತಾ ಹೋಗುತ್ತದೆ. ಹಾಗಾಗಿ ‘ಪಡು’ವೂ ಹೋಯಿತು. ‘ಬ’ ಸಿಕ್ಕಿದಾಗ ನಿಂತಿತು.

ಈ ಗೊಂದಲ ಎಷ್ಟೋ ಕಾಲದಿಂದ ಎಷ್ಟೋ ಜನರಿಗೆ ಆಗಿತ್ತು. ಇದಕ್ಕೆ, ಮುಂದಿರುವ ಭಾಗವನ್ನು (ಪ್ರಿಫಿಕ್ಸ್) ಇಡಿಯಾಗಿ ನೋಡಿ ತೆಗೆಯುವ ರಿಮೂವ್‌ಪ್ರಿಫಿಕ್ಸ್ ಅಂತ ಬೇರೆಯೇ ಮೆಥಡ್ ಬೇಕು ಎಂದು 2020ರ ಮಾರ್ಚಿನಲ್ಲಿ ಬಂದ ಪ್ರಸ್ತಾವವೇ ಪೆಪ್ 616. ಅದೇ ವರ್ಷ ಅಕ್ಟೋಬರಿನಲ್ಲಿ ಬಂದ ಪೈಥಾನ್ 3.9ರಲ್ಲಿ ಅದು ಸೇರಿತು.

ಕೋಡ್ ನೋಡಿದರೆ ಮೂರ್ನಾಲ್ಕು ಸಾಲು ಅಷ್ಟೇ. ನನಗೆ ಇಷ್ಟವಾಗುವುದು ಅದರ ಸುತ್ತ ಬರೆದ ಮಾತು. ಜನ ಎಲ್ಲೆಲ್ಲಿ ಎಡವಿದ್ದಾರೆ ಎಂದು ಮೊದಲೇ ಹೇಳುತ್ತದೆ. ಪೈಥಾನಿನ ಸ್ವಂತ ಲೈಬ್ರರಿಯ ಕೋಡನ್ನೇ ತೆಗೆದು, ಇದು ಬಂದರೆ ಈ ಸಾಲು ಹೀಗೆ ಸಲೀಸಾಗುತ್ತದೆ ಎಂದು ತೋರಿಸುತ್ತದೆ. ಕೊನೆಗೆ ಕೈಬಿಟ್ಟ ಯೋಚನೆಗಳ ಪಟ್ಟಿ. ಎಲ್‌ಸ್ಟ್ರಿಪ್ಪನ್ನೇ ಯಾಕೆ ಹಿಗ್ಗಿಸಬಾರದು, ಪ್ರಿಫಿಕ್ಸ್ ಇಲ್ಲದಿದ್ದರೆ ಎರರ್ ಯಾಕೆ ಕೊಡಬಾರದು, ಎಲ್ಲದಕ್ಕೂ ಉತ್ತರ ಇದೆ. ಎದುರಿನವರು ಕೇಳುವ ಮೊದಲೇ ಇಷ್ಟು ಯೋಚಿಸಿ ಬಂದವರ ಮಾತನ್ನು ಯಾರಾದರೂ ಕೇಳುತ್ತಾರೆ, ಅಲ್ವಾ?

ಇದು ಈಗ ನೆನಪಾಗಲು ಕಾರಣ ನನ್ನ ಒಬ್ಬ ವಿದ್ಯಾರ್ಥಿನಿ. ಕನ್ನಡ ಪದಬಂಧ ಮಾಡುವ ಪ್ರೋಗ್ರಾಂ ಬರೆಯುತ್ತಿದ್ದಾಳೆ. ‘ಪಡುಬಿದ್ರಿ’ಗೆ ಪದಬಂಧದಲ್ಲಿ ನಾಲ್ಕು ಮನೆ ಸಾಕು. ಆದರೆ ಪೈಥಾನಿನಲ್ಲಿ ಉದ್ದ ಎಣಿಸುವ ಲೆನ್ ಕೇಳಿದರೆ 9 ಅನ್ನುತ್ತದೆ. ಕೊಂಬು, ಗುಡಿಸು, ಒತ್ತು ಎಲ್ಲವನ್ನೂ ಬೇರೆ ಬೇರೆ ಎಣಿಸುತ್ತದೆ. "ಸರ್, ಇದನ್ನು ಪೈಥಾನ್‌ನವರಿಗೆ ಹೇಳಬೇಕು" ಅಂದಳು. ಖಂಡಿತ ಹೇಳಬೇಕು. ನಮ್ಮ ಭಾಷೆಯ ತೊಂದರೆ ನಾವು ಹೇಳದೆ ಇನ್ಯಾರು ಹೇಳುತ್ತಾರೆ?

ಆದರೆ ಸುಮ್ನೆ "ಇದು ಬೇಕು" ಎಂದರೆ ಆಗುವುದಿಲ್ಲ. ಒಮ್ಮೆ ಸೇರಿಸಿದ್ದನ್ನು ವರ್ಷಗಟ್ಟಲೆ ಪೈಥಾನ್ ಮಾಡುವವರೇ ನೋಡಿಕೊಳ್ಳಬೇಕು. ಪೆಪ್ ಬರೆಯುವವರು ಕೋರ್ ಡೆವಲಪರ್ (ಪೈಥಾನನ್ನು ನೋಡಿಕೊಳ್ಳುವ ತಂಡದವರು) ಅಲ್ಲದಿದ್ದರೆ ಸಾಮಾನ್ಯವಾಗಿ ಒಬ್ಬ ಕೋರ್ ಡೆವಲಪರ್ ಬೆಂಬಲಕ್ಕೆ ನಿಲ್ಲಬೇಕು. ಅದಕ್ಕೆ ಅವಳಿಗೆ ಹೇಳಿದೆ: ಮೊದಲು ಸಣ್ಣ ಪ್ಯಾಕೇಜ್ ಮಾಡಿ ಬಿಡು, ಜನ ಬಳಸಲಿ. ತೆಲುಗು, ಮಲಯಾಳಂನವರಿಗೂ ಇದೇ ಕಷ್ಟ ಇದೆಯಾ ಕೇಳು. ಇದೇ ಮಾತನ್ನು ಮೊದಲು ಯಾರಾದರೂ ಎತ್ತಿದ್ದರೆ ಆ ಚರ್ಚೆ ಪೂರ್ತಿ ಓದು.

ಅವಳು ತನ್ನ ಪ್ರಸ್ತಾವವನ್ನು ‘ಕೈಬಿಟ್ಟ ಯೋಚನೆಗಳ’ ಪಟ್ಟಿಯಿಂದಲೇ ಶುರು ಮಾಡಿದ್ದಾಳೆ. ಮೊದಲ ಸಾಲು: ಲೆನ್ ಅನ್ನೇ ಬದಲಾಯಿಸುವುದು ಬೇಡ, ಅದನ್ನು ನಂಬಿದ ಹಳೇ ಕೋಡೆಲ್ಲ ಕೆಡುತ್ತದೆ.