ಡೆವಲಪರ್ ಸಿಕ್ಕಿದರು ಸರಿ, ಜಾಗ ಯಾವಾಗ ಕೊಡುತ್ತೀರಿ?

ನಗರದ ನಡುಭಾಗವನ್ನು ಹೊಸದಾಗಿ ಕಟ್ಟಬೇಕು ಅಂತ ಪಾಲಿಕೆ ತೀರ್ಮಾನಿಸಿದ ಕೂಡಲೇ ಡೆವಲಪರ್‌ಗಳು ಬಣ್ಣಬಣ್ಣದ ಚಿತ್ರ ಹಿಡಿದು ಬರುತ್ತಾರೆ. ಎಲ್ಲ ಚಿತ್ರದಲ್ಲೂ ಮರಗಳಿರುತ್ತವೆ, ಸೈಕಲ್ ಹೊಡೆಯುವ ಮಕ್ಕಳಿರುತ್ತಾರೆ, ಕಸ ಮಾತ್ರ ಎಲ್ಲೂ ಕಾಣುವುದಿಲ್ಲ. ಯಾರ ಚಿತ್ರ ಚೆಂದ, ಯಾರು ಜಾಸ್ತಿ ದುಡ್ಡು ಕೊಡುತ್ತಾರೆ ಅನ್ನುವುದೇ ಎಲ್ಲರ ಮಾತು. ನನ್ನ ತಲೆ ಕೊರೆಯುವ ಪ್ರಶ್ನೆ ಬೇರೆ. ಗೆದ್ದವರು ನಡುವೆ ಕೈ ಎತ್ತಿದರೆ, ಆ ದಿನ ಜಾಗ ಯಾರ ಹೆಸರಲ್ಲಿರುತ್ತದೆ?

ಶಿಕಾಗೊದ ಬ್ಲಾಕ್ 37 ಕಥೆ ನೋಡಿ. ಪೇಟೆಯ ಎದೆಯ ಮೇಲಿರುವ ಜಾಗ ಅದು. ಹೊಸ ಯೋಜನೆ ಬರುತ್ತದೆ ಅಂತ 1989ರಲ್ಲಿ ಅಲ್ಲಿದ್ದ ಹಳೇ ಕಟ್ಟಡಗಳನ್ನು ಹೆಚ್ಚುಕಡಿಮೆ ಪೂರ್ತಿ ಕೆಡವಿದರು. ಅಷ್ಟರಲ್ಲಿ ರಿಯಲ್ ಎಸ್ಟೇಟ್ ಬಿದ್ದುಹೋಯಿತು, ಯೋಜನೆ ನಿಂತಿತು, ಆಮೇಲೆ ಡೆವಲಪರ್‌ಗಳು ಬದಲಾದರು, ನಕ್ಷೆಗಳು ಬದಲಾದವು, ಜಾಗ ಮಾತ್ರ ಖಾಲಿಯಾಗಿಯೇ ಇತ್ತು. ಚಳಿಗಾಲದಲ್ಲಿ ಅಲ್ಲಿ ಸ್ಕೇಟಿಂಗ್ ಆಡಿಸುತ್ತಿದ್ದರು. ಕೊನೆಗೆ ಮಾಲ್ ಬಾಗಿಲು ತೆರೆದದ್ದು 2009ರಲ್ಲಿ. ಬಾಡಿಗೆ, ತೆರಿಗೆ, ವ್ಯಾಪಾರ ಎಲ್ಲ ಇದ್ದ ಜಾಗ ಹದಿನೈದು ವರ್ಷಕ್ಕೂ ಹೆಚ್ಚು ಸುಮ್ನೆ ಬಿದ್ದಿತ್ತು ಅಂದರೆ ಯಾರ ನಷ್ಟ ಅದು?

ಹಾಗಂತ ಡೆವಲಪರ್‌ಗಳೆಲ್ಲ ಮೋಸಗಾರರು ಅಂತಲ್ಲ. ಇಂಥ ಕೆಲಸ ಎಂಟ್ಹತ್ತು ವರ್ಷ ಹಿಡಿಯುತ್ತದೆ, ಆ ಅವಧಿಯಲ್ಲಿ ಬಡ್ಡಿ ಏರುತ್ತದೆ, ಆಫೀಸು ಬಾಡಿಗೆ ಇಳಿಯುತ್ತದೆ, ಸಾಲ ಕೊಡುತ್ತೇನೆ ಅಂದ ಬ್ಯಾಂಕು ಹಿಂದೆ ಸರಿಯುತ್ತದೆ. ನ್ಯೂಯಾರ್ಕ್‌ನ ಹಡ್ಸನ್ ಯಾರ್ಡ್ಸ್‌ನಲ್ಲೂ ಹೀಗೇ ಆಯಿತು. ರೈಲು ಯಾರ್ಡಿನ ಮೇಲೆ ಕಟ್ಟಲು 2008ರ ಮಾರ್ಚ್‌ನಲ್ಲಿ ಟಿಶ್‌ಮನ್ ಸ್ಪೈಯರ್ ಕಂಪನಿ ಆಯ್ಕೆಯಾಯಿತು, ಸುಮಾರು 100 ಕೋಟಿ ಡಾಲರ್ ಮಾತು, ಮೇ ಹೊತ್ತಿಗೆ ಒಪ್ಪಂದವೇ ಮುರಿದುಬಿತ್ತು. ಆದರೆ ಜಾಗ ಇನ್ನೂ ಸಾರಿಗೆ ಪ್ರಾಧಿಕಾರದ ಕೈಯಲ್ಲೇ ಇತ್ತು, ಪೈಪೋಟಿಯಲ್ಲಿದ್ದ ಬೇರೆಯವರಿಗೂ ಆಸೆ ಇನ್ನೂ ಆರಿರಲಿಲ್ಲ. ಅದೇ ತಿಂಗಳು ರಿಲೇಟೆಡ್ ಕಂಪನಿ ಬಂತು. ಅಲ್ಲಿ ಎದ್ದದ್ದು ಚೆಂದವೋ ಅಲ್ಲವೋ, ಆ ಜಗಳ ಇನ್ನೊಂದು ದಿನ ಆಡೋಣ. ಎರಡನೇ ಸ್ಥಾನದವರನ್ನು ಬೇಗ ಮನೆಗೆ ಕಳಿಸಬಾರದು ಅನ್ನುವುದಕ್ಕೆ ಇಷ್ಟು ಸಾಕು.

ನನಗೆ ಹಿಡಿಸಿದ್ದು ಜರ್ಮನಿಯ ಹ್ಯಾಂಬರ್ಗ್‌ನ ದಾರಿ. ಅಲ್ಲಿನ ಹಾಫೆನ್‌ಸಿಟಿ ಹಳೇ ಬಂದರಿನ ಜಾಗ, ಸುಮಾರು 157 ಹೆಕ್ಟೇರ್, ನಗರದ ನಡುಭಾಗಕ್ಕೆ ಅಂಟಿಕೊಂಡೇ ಇದೆ. ಇಡೀ ಜಾಗವನ್ನು ಒಬ್ಬರಿಗೇ ಕೊಡದೆ ತುಂಡುತುಂಡಾಗಿ ಕೊಟ್ಟರು. ಮನೆ ಕಟ್ಟುವ ನಿವೇಶನಗಳಲ್ಲಿ ಶೇ. 70ರಷ್ಟು ಅಂಕ ಏನು ಕಟ್ಟುತ್ತೀರಿ ಅನ್ನುವುದಕ್ಕೆ, ಬೆಲೆಗೆ ಬರೀ ಶೇ. 30. ಇದಕ್ಕಿಂತ ಮುಖ್ಯವಾದದ್ದು ಮುಂದಿದೆ. ಗೆದ್ದವರಿಗೆ ಜಾಗ ತಕ್ಷಣ ಬರೆದುಕೊಡುವುದಿಲ್ಲ, ಕಾಯ್ದಿರಿಸುತ್ತಾರೆ ಅಷ್ಟೇ. ಆ ಅವಧಿಯಲ್ಲಿ ಅವರು ತಮ್ಮ ದುಡ್ಡಲ್ಲೇ ವಿನ್ಯಾಸ ಮಾಡಿಸಿ ಕಟ್ಟಡ ಪರವಾನಗಿಯ ಕೆಲಸ ಮುಗಿಸಬೇಕು, ಕ್ರಯ ಆಮೇಲೆ. ಕೈಲಾಗಲಿಲ್ಲ ಅಂದರೆ ಜಾಗ ನಗರದ್ದೇ, ಕೋರ್ಟು ಕಚೇರಿ ಅಲೆದಾಟವಿಲ್ಲ.

ಅತಿ ಹೆಚ್ಚು ಬೆಲೆ ಕೂಗಿದವರನ್ನು ಕಂಡರೆ ನನಗೆ ಸ್ವಲ್ಪ ಅನುಮಾನ. ಅಷ್ಟು ಕೊಟ್ಟವರು ಎಲ್ಲಿಂದಾದರೂ ವಾಪಸ್ ತೆಗೆಯಲೇಬೇಕು ಅಲ್ವಾ? ಕೆಲಸ ಶುರುವಾದ ಮೇಲೆ ಬಂದು ಇನ್ನೆರಡು ಮಹಡಿ ಕೊಡಿ, ಪಾರ್ಕು ಚಿಕ್ಕದು ಮಾಡುತ್ತೇವೆ, ಕಡಿಮೆ ಬಾಡಿಗೆಯ ಮನೆಗಳು ಎರಡನೇ ಹಂತಕ್ಕೆ ಹೋಗಲಿ ಅನ್ನುತ್ತಾರೆ. ಆ ಎರಡನೇ ಹಂತ ಬರುವಷ್ಟರಲ್ಲಿ ಕೌನ್ಸಿಲ್ ಸದಸ್ಯರೇ ಬದಲಾಗಿರುತ್ತಾರೆ.

ಜಾಗದ ಪತ್ರ ಕೈಯಲ್ಲಿಲ್ಲದೆ ಬ್ಯಾಂಕು ಸಾಲ ಕೊಡುವುದಿಲ್ಲ ಅಂತ ಡೆವಲಪರ್‌ಗಳು ಹೇಳುವುದು ನಿಜ. ಹಾಗಾದರೆ ಪರವಾನಗಿ ಬಂದ ಮೇಲೆ ಸಾಲದ ಸಹಿ, ಕ್ರಯದ ಸಹಿ ಎರಡನ್ನೂ ಒಂದೇ ದಿನ ಇಟ್ಟುಕೊಳ್ಳಲಿ. ಕೆಡವುವ ಯಂತ್ರ ಬರಬೇಕಾದದ್ದು ಅದರ ಮರುದಿನ. ಅಲ್ಲಿಯವರೆಗೆ ಹಳೇ ಕಟ್ಟಡದ ಅಂಗಡಿಯವರು ವ್ಯಾಪಾರ ಮಾಡಿಕೊಂಡು ಬಾಡಿಗೆ ಕಟ್ಟುತ್ತಿರಲಿ.