ನೇರಳೆ ಉಡುಪಿನ ಫ್ಯಾಂಟಮ್
ಬೇಸಿಗೆ ರಜೆಯಲ್ಲಿ ಅಜ್ಜಿಯ ಮನೆಯ ಅಟ್ಟದ ಮೇಲೆ ಕುಳಿತು, ಸೋದರಮಾವ ದಬ್ಬಳದಿಂದ ಹೊಲಿದು ಜೋಪಾನವಾಗಿಟ್ಟಿದ್ದ ಇಂದ್ರಜಾಲ ಕಾಮಿಕ್ಸ್‌ಗಳನ್ನು ಮತ್ತೆ ಮತ್ತೆ ಓದಿದ್ದರಿಂದಲೋ ಏನೋ, ಚಿತ್ರಕಥೆಯೆಂದರೆ ನನಗೆ ಇಂದಿಗೂ ಮೊದಲು ನೆನಪಾಗುವವನು ಫ್ಯಾಂಟಮ್. ಲೀ ಫಾಕ್ 1936ರಲ್ಲಿ ಅಮೆರಿಕದ ದಿನಪತ್ರಿಕೆಗಳಿಗಾಗಿ ಸೃಷ್ಟಿಸಿದ ಈ ಮುಖವಾಡದ ವೀರ 1964ರಲ್ಲಿ ಇಂದ್ರಜಾಲದ ಮೊದಲ ಸಂಚಿಕೆಯ ನಾಯಕನಾದ. ಅದರ ಪುಟಗಳಲ್ಲಿ ಅವನ ನಾಡು ಡೆಂಕಾಲಿಯಾಯಿತು. ಅವನ ಗುದ್ದು ತಿಂದ ಖಳನ ದವಡೆಯ ಮೇಲೆ ಉಂಗುರದ ತಲೆಬುರುಡೆ ಅಚ್ಚೊತ್ತಿದಂತೆ ಮೂಡುವ ಆ ಒಂದು ಚೌಕಕ್ಕಾಗಿಯೇ ನಾನು ಪುಟ ತಿರುವುತ್ತಿದ್ದೆ.

ಫಾಕ್ ಅವರ ಮನಸ್ಸಿನಲ್ಲಿದ್ದದ್ದು ಬೂದು ಬಣ್ಣದ ಉಡುಪಂತೆ. 1939ರಲ್ಲಿ ಭಾನುವಾರದ ವರ್ಣಪುಟಗಳು ಆರಂಭವಾದಾಗ ಅದು ನೇರಳೆಯಾಯಿತು. ದಟ್ಟಡವಿಯಲ್ಲಿ ಅಡಗಿ ಓಡಾಡುವವನಿಗೆ ನೇರಳೆಯೇ ಎಂಬ ಪ್ರಶ್ನೆ ಆ ವಯಸ್ಸಿನಲ್ಲಿ ಹೊಳೆಯಲೇ ಇಲ್ಲ.

ಅವರದೇ ಸೃಷ್ಟಿಯಾದ ಜಾದೂಗಾರ ಮಾಂಡ್ರೇಕ್ ಕೈಸನ್ನೆಯಿಂದಲೇ ಎದುರಾಳಿಯನ್ನು ಮರುಳುಮಾಡಿಬಿಡುತ್ತಿದ್ದುದರಿಂದ ನನಗೆ ಅಷ್ಟಾಗಿ ರುಚಿಸಲಿಲ್ಲ. ಆದರೆ ಅಲೆಕ್ಸ್ ರೇಮಂಡ್ 1934ರಲ್ಲಿ ಆರಂಭಿಸಿದ ಫ್ಲ್ಯಾಶ್ ಗಾರ್ಡನ್ ಬೇರೆಯೇ ಲೋಕ: ಮಾಂಗೋ ಗ್ರಹ, ಗಿಡುಗದಂತೆ ರೆಕ್ಕೆ ಬಡಿಯುವ ಮನುಷ್ಯರು, ಕ್ರೂರ ಚಕ್ರವರ್ತಿ ಮಿಂಗ್. ಕಥೆ ಸಾಧಾರಣವೆಂದು ಈಗ ಅನ್ನಿಸಿದರೂ, ಕುಂಚದ ಆ ಸಪೂರ ಗೆರೆಗಳನ್ನು ನೋಡುವುದಕ್ಕಾಗಿ ಅದನ್ನು ಇಂದಿಗೂ ತೆರೆಯುತ್ತೇನೆ.